ಜೇಕಿನ ಬುಟ್ಟಿ

ಕೆರೆಯ ದಂಡೆ ಕುಸಿಯದಂತೆ ಜೇಕು ಹುಲ್ಲು ಬೆಳೆಸುವುದು ನನ್ನ ಕೆಲಸ. ರಾಮದುರ್ಗದ ಕಡೆಯ ಒಂದು ಕೆರೆಗೆಂದು ಸಾಕಿದ್ದ ಸಸಿಗಳ ಬುಟ್ಟಿಯನ್ನು ಮನೋಳಿ ಬಸ್ ನಿಲ್ದಾಣದಲ್ಲಿ ಪಕ್ಕದ ಅಜ್ಜಿಯೊಬ್ಬಳಿಗೆ ಒಪ್ಪಿಸಿ ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ಬುಟ್ಟಿಯಲ್ಲಿ ಬರೀ ಕೆಸರು. ಜೇಕನ್ನೆಲ್ಲ ಒಂದು ಆಡು ಮೇಯುತ್ತಿತ್ತು.

“ಸುಮ್ಮನ ಕುಂತಿದ್ನಿ, ಕಸ ತಗದ್ನೋ ತಮ್ಮಾ,” ಎಂದಳು ಅಜ್ಜಿ.

“ಆಯಿ, ಅದು ಕಸ ಅಲ್ಲ. ನೀರು ಹಾಕಿ ಬೆಳಸೇನಿ,” ಎಂದೆ. ನನಗೆ ಅಳುವೇ ಬಂದಿತ್ತು.

“ಜೇಕು ಬೆಳಸೀಯಾ?” ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಲಗ್ನ ಆಗೇತೇನಪಾ?”

“ಇಲ್ಲ.”

“ಅನಕೊಂಡೆ. ನಡಿ, ಹೊಳಿ ದಂಡಿಗೆ ನಮ್ಮ ಹೊಲ ಐತಿ, ಎಷ್ಟ ಕಿತ್ರೂ ಜೇಕು ಹೋಗವಲ್ದು. ಬೇಕಾದಷ್ಟು ಕಿತಗೊಂಡು ಹೋಗು.”

ಸಂಜೆಯವರೆಗೆ ಕಿತ್ತೆ. ನನಗೆ ಚೀಲದ ತುಂಬ ಜೇಕು ಸಿಕ್ಕಿತು, ಅವಳ ಹೊಲ ಹಸನಾಯಿತು. ಅಜ್ಜಿ ರೊಟ್ಟಿ ಕಟ್ಟಿಕೊಟ್ಟು, “ಮುಂದಿನ ತಿಂಗಳ ಮತ್ತ ಬಾರೋ,” ಎಂದಳು. ನನ್ನ ವಿದ್ಯೆಗೆ ಇಷ್ಟು ಬೇಡಿಕೆ ಇದೆಯೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.