ಸೊನ್ನೆ ಹೊಗೆ

ನನ್ನ ಅಕ್ಕನ ಗಂಡ, ಅಂದರೆ ಭಾವ, ಇಪ್ಪತ್ತಾರು ವರ್ಷ ಒಂದೇ ಸರ್ಕಲ್ಲಿನಲ್ಲಿ, ಒಂದೇ ವ್ಯಾನಿನಲ್ಲಿ ಕೂತು ಗಾಡಿಗಳ ಎಮಿಷನ್ ಟೆಸ್ಟ್ ಮಾಡಿದವರು. ಹೊಗೆ ಹಾಕಿಸಿಕೊಂಡರೆ ಕಥೆ ಮುಗಿಯಿತು ಅನ್ನುತ್ತೇವಲ್ಲ, ಭಾವನ ಹತ್ತಿರ ಗಾಡಿಗಳು ಹೊಗೆ ತೋರಿಸಿಯೇ ಇನ್ನಾರು ತಿಂಗಳ ಆಯುಸ್ಸು ಪಡೆದು ಹೋಗುತ್ತಿದ್ದವು.

ಸೈಲೆನ್ಸರಿಗೆ ಪೈಪು ತೂರಿಸಿ, ಮೆಷಿನ್ ಬಾಯಿ ಬಿಡುವ ಮೊದಲೇ ಮೂಗರಳಿಸಿ ಅಂಕಿ ಹೇಳಿಬಿಡುವುದು ಅವರ ಪದ್ಧತಿ. ಮೆಷಿನ್ ಆಮೇಲೆ ಹೌದಪ್ಪಾ ಅನ್ನುತ್ತಿತ್ತು. ಡ್ರೈವರುಗಳ ಬಾಯಲ್ಲಿ ಅವರು ‘ಮೂಗಣ್ಣ’.

“ಮೂಗಿಗೊಂದು ಬಟ್ಟೆಯಾದ್ರೂ ಕಟ್ಕೊಳ್ರೀ” ಅಂತ ಅಕ್ಕ ಗೋಗರೆದರೆ, “ಅಂಗಡಿಗೆ ಬೀಗ ಹಾಕಿ ವ್ಯಾಪಾರ ಮಾಡು ಅಂತೀಯಲ್ಲೇ!” ಅನ್ನೋರು.

ಐವತ್ತೆಂಟಕ್ಕೆ ಹೃದಯ ಕೈಕೊಟ್ಟಿತು. ಎರಡು ಸ್ಟೆಂಟ್ ಹಾಕಿಸಿಕೊಂಡು ಬಂದವರು ಹದಿನೈದನೇ ದಿನಕ್ಕೆ ಮತ್ತೆ ವ್ಯಾನಿನಲ್ಲಿ. “ನನಗೂ ಸರ್ವೀಸ್ ಆಯ್ತಲ್ಲ, ಇನ್ನೇನು?”

ಎರಡು ವರ್ಷದ ಮೇಲೆ ಒಂದು ಲಾರಿ ಬಂತು. ಭಾವ ಪೈಪು ತೂರಿಸಿದರು, ಮೂಸಿದರು, ಹುಬ್ಬೇರಿಸಿದರು. “ಸೊನ್ನೆ!” ಮೆಷಿನ್ನೂ ಸೊನ್ನೆ ಅಂದಿತು. “ನನ್ನ ಜನ್ಮದಲ್ಲೇ ಇಂಥ ಚೊಕ್ಕ ಗಾಡಿ ನೋಡಿಲ್ಲ!”

“ಮೂಗಣ್ಣಾ, ಇಂಜಿನ್ನೇ ಸ್ಟಾರ್ಟ್ ಮಾಡ್ಸಿಲ್ವಲ್ಲೋ!” ಡ್ರೈವರ್ ಹೊಟ್ಟೆ ಹಿಡಿದು ನಕ್ಕ. ಭಾವನೂ ನಕ್ಕರು. ಅದೇ ವಾರ ಇನ್ನೆರಡು ಗಾಡಿಗಳಿಗೂ ಹಾಗೇ ಆಯಿತು. ಮೂರನೆಯದಕ್ಕೆ ಯಾರೂ ನಗಲಿಲ್ಲ.

“ಹೊಗೆಯ ಸಣ್ಣ ಧೂಳು ರಕ್ತಕ್ಕಿಳಿಯುತ್ತಮ್ಮ” ಅಂದರು ಡಾಕ್ಟರು. “ಹೃದಯ ಸೋತರೆ ಮಿದುಳಿಗೂ ಪೆಟ್ಟು. ಮರೆವು ಅದರಿಂದಲೇ ಬಂತು ಅಂತ ಎದೆ ತಟ್ಟಿ ಹೇಳಲಾರೆ. ಆದರೆ ಇನ್ನು ಅಲ್ಲಿ ಕೂರಿಸಬೇಡಿ.”

ಅಕ್ಕ ಕೇಳಿದ್ದು ಒಂದೇ. “ನನ್ನ ಗುರುತಾದ್ರೂ ಉಳಿಯುತ್ತಾ, ಡಾಕ್ಟ್ರೇ?”

ಡಾಕ್ಟರು ಪೆನ್ನಿನ ಮುಚ್ಚಳ ಹುಡುಕತೊಡಗಿದರು.

ವ್ಯಾನ್ ಮಾರಿದೆವು. ಅವರ ಮನೆ ಸರ್ಕಲ್ಲಿನಿಂದ ಮೂರೇ ಬೀದಿ ಆಚೆ; ಅಕ್ಕ ಕಿಟಕಿಗಳನ್ನೆಲ್ಲ ಜಡಿದಳು. ಆದರೂ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಬೆರಳಲ್ಲಿ ಬರೆಯಬಹುದಿತ್ತು. ವ್ಯಾನಿನಲ್ಲಿ ಕಣ್ಣುಮುಚ್ಚಿ ಸ್ವಿಚ್ಚು ಒತ್ತುತ್ತಿದ್ದವರು ಮನೆಯಲ್ಲಿ ಬಚ್ಚಲು ಎಲ್ಲಿ ಅಂತ ಕೇಳತೊಡಗಿದರು.

“ಮತ್ತೆ ಅಲ್ಲೇ ಕೂರಿಸಿದ್ರೆ ಸರಿಹೋಗ್ತಾರೇನೋ ಕಣೋ” ಅಂದಳು ಅಕ್ಕ.

“ಅದೇ ವಿಷ ಅಲ್ವೇನೇ ಅಕ್ಕಾ?”

“ಆ ವಿಷದಲ್ಲಿ ಕೂತಾಗ ನನ್ನ ಹೆಸರಾದ್ರೂ ಹಿಡಿದು ಕರೀತಿದ್ರು.”

ನಾನು ಎದ್ದು ಮೇಜನ್ನು ಇನ್ನೊಂದು ಸಲ ಒರೆಸಿದೆ.

ಕಳೆದ ಭಾನುವಾರ ಹೋದಾಗ ಭಾವನ ಕೈಯಲ್ಲಿ ಗ್ಯಾಸ್ ಒಲೆಯ ಹಳೇ ಪೈಪಿತ್ತು. ಅಕ್ಕಿ ಆರಿಸುತ್ತಿದ್ದ ಅಕ್ಕನ ಬಾಯಿಗೆ ಅದನ್ನು ಹಿಡಿದು, ತೀರಾ ವಿನಯದಿಂದ ಹೇಳಿದರು:

“ಇಂಜಿನ್ ಸ್ಟಾರ್ಟ್ ಮಾಡಿ, ಮೇಡಂ.”

ಅಕ್ಕ ನನ್ನ ಕಡೆ ನೋಡಿದಳು. ಆಮೇಲೆ ಮೊರ ಪಕ್ಕಕ್ಕಿಟ್ಟು, ಪೈಪಿನೊಳಗೆ ಉದ್ದಕ್ಕೆ ಉಸಿರು ಬಿಟ್ಟಳು. ಭಾವ ಮೂಗರಳಿಸಿದರು. ಅಂಕಿಗಾಗಿ ತಡಕಾಡಿದರು. ಬರಲಿಲ್ಲ.

“ಆಯ್ತು, ಹೊರಡಿ ಮೇಡಂ” ಅಂದರು. “ಹಿಂದೆ ಬೇರೆ ಗಾಡಿ ಕಾಯ್ತಿದೆ.”