ಪಟ್ಟಿಯಲ್ಲಿಲ್ಲದ ತೂಕ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಬೆಂಗಳೂರಿನ ಒಂದು ಪ್ರೋಟಿಯೋಮಿಕ್ಸ್ ಪ್ರಯೋಗಾಲಯದಲ್ಲಿ ವಿಶ್ಲೇಷಕಿಯಾಗಿದ್ದೆ. ರಕ್ತದ ಪ್ರೋಟೀನ್‌ಗಳನ್ನು ತುಂಡರಿಸಿ, ಒಂದೊಂದು ತುಂಡಿನ ತೂಕ ನೋಡಿ, ಅದು ಯಾವುದೆಂದು ಸಾಫ್ಟ್‌ವೇರ್‌ನಿಂದ ಗುರುತಿಸುವುದು ನಮ್ಮ ಕೆಲಸ. ಬಿತ್ತನೆ ಮುಗಿಯುತ್ತಿದ್ದ ಕಾಲ. ಪಾವಗಡದಲ್ಲಿ ವೈದ್ಯೆಯಾಗಿದ್ದ ಗೆಳತಿ ಶಶಿಕಲಾ, ಬಲಸಮುದ್ರದ ಕಡೆಯ ಕುರಿಗಾಹಿ ಮನೆಯೊಂದರ ನಾಲ್ವರ ರಕ್ತ ಕಳಿಸಿದಳು.

ಅತ್ತೆ, ಮಾವ, ಮಗ ಮೂವರಿಗೂ ವಾಂತಿ, ಬೆವರು, ಕೈಕಾಲು ನಡುಕ. ಆಸ್ಪತ್ರೆಯಲ್ಲಿದ್ದರೆ ಗುಣ, ಮನೆಗೆ ಹೋದರೆ ಮತ್ತೆ ಅದೇ. ಹೊಸ ಸೊಸೆ ಗಂಗಮ್ಮ ಮಾತ್ರ ಗಟ್ಟಿಮುಟ್ಟಾಗಿದ್ದಳು. ಅಷ್ಟು ಸಾಕಾಯಿತು. ಅನ್ನಕ್ಕೆ ಅವಳೇ ಮದ್ದು ಹಾಕುತ್ತಿದ್ದಾಳೆ ಎಂದು ಊರು ಆಡಿಕೊಳ್ಳತೊಡಗಿತು.

ನಮ್ಮಲ್ಲಿ ಮೊದಲ ವಿಶ್ಲೇಷಣೆ ಮಾಡಿದವರು "ವಿಷದ ಗುರುತಿಲ್ಲ" ಎಂದು ವರದಿ ಕಳಿಸಿಯೂಬಿಟ್ಟರು. ಊರಿನವರು ಅದಕ್ಕೆ ತಮ್ಮದೇ ಅರ್ಥ ಕಟ್ಟಿದರು: ಯಂತ್ರಕ್ಕೂ ಸಿಗದ್ದು ಮದ್ದಲ್ಲದೆ ಇನ್ನೇನು?

ನನಗೆ ಸಿಟ್ಟೇ ಬಂತು. ಸಾಫ್ಟ್‌ವೇರ್ ಗಾಣದೆತ್ತಿನ ಹಾಗೆ, ಹೂಡಿದ ಜಾಡಿನಲ್ಲಷ್ಟೇ ತಿರುಗುತ್ತದೆ. ಅಮೈನೋ ಆಮ್ಲಕ್ಕೆ ರಾಸಾಯನಿಕ ಅಂಟಿದರೆ ಆ ತುಂಡಿನ ತೂಕ ಏರುತ್ತದೆ. ಆ ಏರಿಕೆಯನ್ನು ಮಾಡಿಫಿಕೇಶನ್‌ಗಳ, ಅಂದರೆ ಇಂಥ ಮಾರ್ಪಾಡುಗಳ, ಪಟ್ಟಿಗೆ ಮೊದಲೇ ಸೇರಿಸದಿದ್ದರೆ ಸಾಫ್ಟ್‌ವೇರ್ ತುಂಡನ್ನೇ ಕೈಬಿಡುತ್ತದೆ. ನಾನು ಶಿರಾದವಳು, ಕಡಲೆಕಾಯಿ ಬಿತ್ತನೆ ಬೀಜಕ್ಕೆ ಹಚ್ಚುವ ಔಷಧಿಯ ಘಾಟು ಬಲ್ಲೆ. ಅಂಥ ಒಂದು ಕೀಟನಾಶಕ ಸೆರಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿದರೆ ಅಣುತೂಕ 136ರಷ್ಟು ಏರುತ್ತದೆ. ಅದನ್ನು ಪಟ್ಟಿಗೆ ಸೇರಿಸಿ ಮತ್ತೆ ಹುಡುಕಿಸಿದೆ. ಮೂವರ ರಕ್ತದಲ್ಲೂ ಸಿಕ್ಕಿತು, ಗಂಗಮ್ಮನದರಲ್ಲಿ ಇಲ್ಲ. ನನಗೆ ಹೆದರಿಕೆಯಾಯಿತು. ಈ ಫಲಿತಾಂಶ ಅವಳ ಕುತ್ತಿಗೆಗೇ ಬರುವಂತಿತ್ತು.

ಇದು ಬಿತ್ತನೆ ಬೀಜದ ಔಷಧಿಯೆಂದು ಶಶಿಕಲಾಗೆ ಫೋನ್ ಮಾಡಿ ತಿಳಿಸಿದೆ. ಫೋನ್ ಇಟ್ಟವಳೇ ಅವಳು ಆ ಮನೆಗೆ ಹೋಗಿ ಅಡುಗೆಯ ವಿಚಾರ ಕೇಳಿದಳು. ಹೊಲದಲ್ಲಿ ಗೊಬ್ಬರಕ್ಕೆ ಕುರಿಮಂದೆ ನಿಲ್ಲಿಸಿದ್ದಕ್ಕೆ ರೈತರು ಔಷಧಿ ಹಚ್ಚಿ ಮಿಕ್ಕಿದ್ದ ಕಡಲೆಕಾಯಿ ಬಿತ್ತನೆ ಬೀಜ ಕೊಟ್ಟಿದ್ದರು. ಅತ್ತೆಯೇ ಅದನ್ನು ತೊಳೆದು, ಹುರಿದು, ಚಟ್ನಿ ಅರೆಯುತ್ತಿದ್ದಳು. ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆಗೆ ಚಟ್ನಿ ಮಿಗುತ್ತಲೇ ಇರಲಿಲ್ಲ.

ಇನ್ನು ಯಾರೂ ಅದನ್ನು ಮುಟ್ಟಬಾರದು ಎಂದು ಶಶಿಕಲಾ ಹೇಳಿದಾಗ ಅತ್ತೆ ತಲೆ ಎತ್ತದೆಯೇ ಹೇಳಿದಳಂತೆ:

"ಇವತ್ತು ಅವ್ಳಿಗೇ ಮೊದ್ಲು ಇಕ್ಬುಟ್ಟೊ ಕಣಮ್ಮ. ಮದ್ದು ಹಾಕಿಲ್ಲ ಅಂದ್ರೆ ನೀನೇ ಉಣ್ಣು ಅಂದೊ. ಅಳ್ತಾ ಅಳ್ತಾ ಚಟ್ನಿ ಬಟ್ಟಲು ಬಳ್ದು ತಿಂದ್ಳು."

ಗಂಗಮ್ಮ ಒಳಗೆ ಬಿದ್ದಿದ್ದಳು. ಅವಳು ಬದುಕಿದ್ದೇ ದೊಡ್ಡದು. ಆಸ್ಪತ್ರೆಯಿಂದ ನೇರ ಕೊರಟಗೆರೆಯ ತವರಿಗೆ ಹೋದವಳು, ಗಂಡ ಎಷ್ಟು ಕರೆದರೂ ಮರಳಲಿಲ್ಲ.

ಅಂದಿನಿಂದ ವರದಿಯಲ್ಲಿ ನಾನು ಬರೀ "ಇಲ್ಲ" ಎಂದು ಬರೆಯುವುದಿಲ್ಲ. ಏನನ್ನು ಹುಡುಕಿದೆವು, ಏನನ್ನು ಹುಡುಕಲಿಲ್ಲ ಎರಡನ್ನೂ ಬರೆಯುತ್ತೇನೆ. ನಾವು ಹುಡುಕದೆ ಬಿಟ್ಟದ್ದನ್ನು ಯಾರೋ ಉಣ್ಣಬೇಕಾಗುತ್ತದೆ.