ಓಯ್ರಿಕ್ ಕೇಳಿದ ದಿನ

ಸ್ಕಾಟ್ಲೆಂಡಿನ ಕಡಲಾಚೆಯ ನಮ್ಮ ಲೂಯಿಸ್ ದ್ವೀಪದಲ್ಲಿ ಗುಡಾರ ಹಾಕಿ ಮಲಗಲು ಯಾವ ಕಾಲ ಒಳ್ಳೆಯದು ಎಂದು ಕೇಳಬೇಕಾದರೆ ತೋರ್ಮೋದನನ್ನೇ ಕೇಳಬೇಕು. ಕಡಲಂಚಿನ ಹುಲ್ಲುಗಾವಲು ಅವನದು. ಬೇಸಿಗೆಯಲ್ಲಿ ಹೊರಗಿನವರು ಬಂದು ಅಲ್ಲಿ ಗುಡಾರ ಹಾಕುತ್ತಾರೆ. ಅಲ್ಲಿನ ಸ್ನಾನದ ಮನೆ, ಕಕ್ಕಸು ತೊಳೆಯುವವಳು ನಾನು, ಶೋನಾಗ್. ಪಕ್ಕದ ಮನೆಯೇ ನನ್ನದು. ಹಾಗಾಗಿ ಅವನ ಫೋನಿನ ಮಾತೆಲ್ಲ ನನಗೆ ಬಾಯಿಪಾಠ.

"ಮೇ ಹದಿನೈದು ಕಳೀಲಿ, ಆಮೇಲೆ ಬನ್ನಿ," ಅನ್ನುತ್ತಿದ್ದ. "ಏಪ್ರಿಲಲ್ಲಿ ಬಂದ್ರೆ ಗಾಳಿ ನಿಮ್ಮನ್ನ ಗುಡಾರದ ಸಮೇತ ನಾರ್ವೆಗೆ ಕಳಿಸುತ್ತೆ. ಜೂನ್ ಕೊನೆಗೆ ಬಂದ್ರೆ ಕಚ್ಚೋ ನೊರಜಿನ ಹಿಂಡು ತಿಂದು ಮೂಳೆ ಉಳಿಸುತ್ತೆ. ಸೆಪ್ಟೆಂಬರ್ ಅಂದ್ರಾ? ಈಜು ಬರುತ್ತಾ ನಿಮಗೆ?"

ಅವನ ಮಾತು ಸುಳ್ಳಾದದ್ದನ್ನು ನಾನು ಕಂಡಿಲ್ಲ. ಗೇಟಿನ ಮೇಲೆ ಅವನೇ ಒಂದು ಹಲಗೆ ಬರೆದು ಹಾಕಿದ್ದ: ಭಾನುವಾರ ಗುಡಾರ ಹಾಕಬೇಡಿ, ಕೀಳಬೇಡಿ. ಇದಕ್ಕೆ ಗ್ಲಾಸ್ಗೋದವರು ನಗುತ್ತಾರೆ. ಲೂಯಿಸಿನವರು ಶನಿವಾರ ಸಂಜೆ ಹುಂಜವನ್ನೂ ಕೋಳಿಗಳಿಂದ ಬೇರೆ ಕೂಡಿಹಾಕುತ್ತಾರಂತೆ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಭಾನುವಾರ ಕರ್ತನ ದಿನ, ಸಬ್ಬತ್; ಅಂದು ಯಾವ ಕೆಲಸವೂ ಕೂಡದು, ಒಗೆದ ಬಟ್ಟೆಯನ್ನೂ ನಾವು ಹೊರಗೆ ಹರವುವುದಿಲ್ಲ. ತೋರ್ಮೋದನಂತೂ ಚರ್ಚಿನಲ್ಲಿ ಕೀರ್ತನೆ ಎತ್ತಿಕೊಡುವವನು. ಅವನು ಒಂದು ಸಾಲು ಹೇಳಿಕೊಟ್ಟರೆ ಉಳಿದವರೆಲ್ಲ ಅದನ್ನು ಹಿಡಿದು ಹಾಡಬೇಕು.

ಅವನ ಹೆಂಡತಿ ಓಯ್ರಿಕ್‌ಗೆ ಇದ್ದದ್ದು ಒಂದೇ ಆಸೆ. ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಅಜ್ಜಿಯ ಜೊತೆ ದನ ಹೊಡೆದುಕೊಂಡು ಮೇಲಿನ ಜವುಗು ಬಯಲಿಗೆ ಹೋಗುತ್ತಿದ್ದಳು. ಅಲ್ಲಿ ಅವರದೊಂದು ಕಲ್ಲಿನ ಗುಡಿಸಲು ಇತ್ತು. ಸೂರು ಎಂದೋ ಬಿದ್ದುಹೋಗಿದೆ, ಸೊಂಟದೆತ್ತರದ ಗೋಡೆ ಉಳಿದಿದೆ. ಆ ಗೋಡೆಗಳ ನಡುವೆ ಗುಡಾರ ಹಾಕಿ ಒಂದು ರಾತ್ರಿ ಮಲಗಬೇಕು, ಬೆಳಗ್ಗೆ ಅಲ್ಲೇ ಹಾಲು ಕಾಯಿಸಬೇಕು. ಅಷ್ಟೇ. ಆದರೆ ಮೇ ತಿಂಗಳಲ್ಲಿ ಹುಲ್ಲುಗಾವಲಿನ ತುಂಬ ಗಿರಾಕಿಗಳು, ಜೊತೆಗೆ ಕುರಿಗಳು ಮರಿ ಹಾಕುವ ಗಡಿಬಿಡಿ. ಆಮೇಲೆ ನೊರಜು. ಆಮೇಲೆ ಗಾಳಿ. "ಬರೋ ಮೇಗೆ ಹೋಗೋಣ ಕಣೇ" ಎನ್ನುತ್ತಲೇ ಮದುವೆಯಾಗಿ ಮೂವತ್ತು ವರ್ಷ ಕಳೆಯಿತು. ಹೊರಗಿನವರಿಗೆಲ್ಲ ಮುಹೂರ್ತ ಇಟ್ಟುಕೊಟ್ಟವನಿಗೆ ಹೆಂಡತಿಗೆ ಒಂದು ದಿನ ಇಡಲು ಆಗಲಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಕಳೆದ ಚಳಿಗಾಲದಲ್ಲಿ ಆಸ್ಪತ್ರೆಯವರು ಅವಳನ್ನು ಮನೆಗೆ ಕಳಿಸಿಬಿಟ್ಟರು. ರೋಗ ಪುಪ್ಪುಸವನ್ನೆಲ್ಲ ತಿಂದಿತ್ತು, ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಮೇ ತಿಂಗಳನ್ನು ನೋಡುತ್ತಾಳೆಂದು ಯಾರೂ ಹೇಳಲಿಲ್ಲ. ತೋರ್ಮೋದ್ ಮಾತ್ರ ಹೇಳುತ್ತಿದ್ದ.

ಏಪ್ರಿಲ್‌ನಲ್ಲಿ ವಾರವಿಡೀ ಬಿರುಗಾಳಿ. ಶನಿವಾರ ಸಂಜೆ ನಾನು ಸೂಪು ತೆಗೆದುಕೊಂಡು ಹೋದಾಗ ಅವನು ಬಾಗಿಲಲ್ಲಿ ನಿಂತು ಪಡುವಣ ನೋಡುತ್ತಿದ್ದ. ಓಯ್ರಿಕ್ ಒಲೆಯ ಪಕ್ಕ ಕುರ್ಚಿಯಲ್ಲಿದ್ದಳು.

"ಏನಂತೆ ಆಕಾಶ?" ಅಂದಳು.

"ನಾಳೆ ಒಂದು ದಿನ ಬಿಡುವು ಕೊಡುತ್ತೆ. ಸೋಮವಾರ ಮತ್ತೆ ಶುರು."

"ಹಾಗಾದ್ರೆ ನಾಳೆ ಹೋಗೋಣ. ಟ್ರ್ಯಾಕ್ಟರಲ್ಲಿ ಕೂರಿಸ್ಕೊಂಡು ಹೋಗು. ಕೊನೇ ತುಂಡು ದಾರಿ ಎತ್ಕೋ. ಈಗ ನಾನೇನು ಭಾರ?"

ಅವನು ಬಾಗಿಲು ಮುಚ್ಚಿ ಒಳಗೆ ಬಂದ. "ನಾಳೆ ಭಾನುವಾರ ಕಣೇ."

"ನಾನು ವಾರ ಕೇಳ್ಲಿಲ್ಲ."

"ಮೇ ಬರ್ಲಿ, ಓಯ್ರಿಕ್. ಬೆಚ್ಚಗಿರುತ್ತೆ."

"ಮೇ ತಿಂಗಳನ್ನ ನಿನ್ನ ಗಿರಾಕಿಗಳಿಗೇ ಇಟ್ಕೋ," ಅಂದು ಅವಳು ನನ್ನ ಕಡೆ ತಿರುಗಿದಳು. "ಸೂಪಿಗೆ ಉಪ್ಪು ಹಾಕಿದ್ದೀಯೇನೇ ಶೋನಾಗ್, ಅಥವಾ ಅದಕ್ಕೂ ಮೇ ಬರ್ಬೇಕಾ?"

ನಗುವುದೋ ಅಳುವುದೋ ತಿಳಿಯದೆ ನಾನು ಸೂಪು ಬಡಿಸಿದೆ.

ಮರುದಿನ ಎದ್ದು ನೋಡಿದರೆ ಕಡಲು ತಟ್ಟೆಯ ಹಾಗೆ ಮಲಗಿತ್ತು. ಗಾಳಿಯಿಲ್ಲ, ನೊರಜು ಇನ್ನೂ ಹುಟ್ಟಿಲ್ಲ, ಬಯಲಿನ ಮೇಲೆಲ್ಲ ಬಿಸಿಲು. ಅಂಥ ಏಪ್ರಿಲ್ ದಿನವನ್ನು ನಾನು ಕಂಡಿರಲಿಲ್ಲ. ತೋರ್ಮೋದ್ ಕರಿ ಕೋಟು ಹಾಕಿಕೊಂಡು ಚರ್ಚಿಗೆ ಹೋದ. ರೋಗಿಯ ಹತ್ತಿರ ಒಬ್ಬರು ಇರಬೇಕೆಂದು ನಾನು ಉಳಿದೆ. ಅವಳು ಕುರ್ಚಿಯನ್ನು ಬಯಲಿನ ಕಡೆಯ ಕಿಟಕಿಗೆ ತಿರುಗಿಸು ಅಂದಳು. ತಿರುಗಿಸಿದೆ.

"ಇಷ್ಟು ಒಳ್ಳೇ ದಿನ ಅವನು ಇದುವರೆಗೆ ಯಾರಿಗೂ ಹೇಳಿಕೊಟ್ಟಿಲ್ಲ ಕಣೇ," ಅಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆ ದಿನ ಕೀರ್ತನೆಯ ನಡುವೆ ತೋರ್ಮೋದನ ಸ್ವರ ನಿಂತುಹೋಯಿತಂತೆ. ಮುಂದಿನ ಸಾಲಿಗೆ ಜನರೆಲ್ಲ ಕಾದು ಕೂತರಂತೆ. ಕೊನೆಗೆ ಬೇರೊಬ್ಬರು ಎದ್ದು ಎತ್ತಿಕೊಟ್ಟರಂತೆ. ಅವನು ಮನೆಗೆ ಬಂದಾಗ ಇನ್ನೂ ಅರ್ಧ ದಿನದ ಬೆಳಕು ಉಳಿದಿತ್ತು. ಬಾಗಿಲಲ್ಲೇ ನಿಂತು ಮೊದಲು ಬಯಲನ್ನು ನೋಡಿದ, ಆಮೇಲೆ ಹೆಂಡತಿಯನ್ನು. ಅವಳು ಮತ್ತೆ ಕೇಳಲಿಲ್ಲ. ಇನ್ನೊಂದು ಸಲ ಕೇಳಿದ್ದರೆ ಹೊರಟುಬಿಡುತ್ತಿದ್ದನೇನೋ. ಕೋಟು ಬಿಚ್ಚದೆ ಬೈಬಲ್ ತೆರೆದು ಅವಳ ಪಕ್ಕ ಕೂತ. ಸಂಜೆಯವರೆಗೂ ಹಾಳೆ ತಿರುವಿದ್ದನ್ನು ನಾನು ನೋಡಲಿಲ್ಲ.

ಸೋಮವಾರ ಬೆಳಕು ಹರಿಯುವ ಮೊದಲೇ ಅವನು ಗುಡಾರ, ಕುರಿಚರ್ಮ, ಹಾಲಿನ ಪಾತ್ರೆ ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರಿದ. ಅಷ್ಟರಲ್ಲಿ ಮಳೆ ಅಡ್ಡಡ್ಡ ಬೀಸತೊಡಗಿತ್ತು. ಅವನು ಒಳಗೆ ಬಂದು ಅವಳಿಗೆ ಕಂಬಳಿ ಹೊದಿಸಿ ಎತ್ತಿಕೊಳ್ಳಲು ಬಗ್ಗಿದ. ಅವಳು ಅವನ ಒದ್ದೆ ಕೆನ್ನೆ ಮುಟ್ಟಿದಳು.

"ಬಿಡೋ. ಸಾಮಾನು ಇಳಿಸಿ ಬಾ," ಅಂದಳು. "ಗುಡಾರ ನೆನೆದು ಹಾಳಾಗುತ್ತೆ."

ಗುರುವಾರ ಹೋದಳು.

ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಗಂಡಸರು ಹೆಗಲು ಬದಲಿಸುತ್ತ ಹೊತ್ತುಕೊಂಡು ಹೋಗುತ್ತಾರೆ, ನಾವು ಮನೆಯಲ್ಲಿ ಚಹಾ ಮಾಡಿಕೊಂಡು ಕಾಯುತ್ತೇವೆ. ಶನಿವಾರ ಎಲ್ಲರೂ ತೊಯ್ದು ತೊಪ್ಪೆಯಾಗಿ ವಾಪಸು ಬಂದರು. ಅಡಿಗೆಮನೆಯಲ್ಲಿ ಚರ್ಚಿನ ಅಯ್ಯನವರು ತೋರ್ಮೋದನ ಎದುರು ಕೂತರು. ನಡೆದದ್ದು ಊರಿಗೆಲ್ಲ ಗೊತ್ತಿತ್ತು, ಸುದ್ದಿ ಮುಟ್ಟಿಸಿದವಳು ನಾನೇ. ಅಯ್ಯನವರು ಒಳ್ಳೆಯ ಮನುಷ್ಯ, ಸಮಾಧಾನ ಹೇಳಬೇಕೆಂದೇ ಬಾಯಿ ತೆರೆದರು.

"ನೀನು ಕರ್ತನ ದಿನವನ್ನ ಕಾಪಾಡಿದೆ, ತೋರ್ಮೋದ್. ಅದು ವ್ಯರ್ಥವಾಗೋದಿಲ್ಲ."

ತೋರ್ಮೋದ್ ತಲೆಯೆತ್ತಲಿಲ್ಲ. ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಕರ್ತನಿಗೆ ವರ್ಷಕ್ಕೆ ಐವತ್ತೆರಡು ಭಾನುವಾರ, ಅಯ್ಯನವರೇ," ಅಂದ. "ಅವಳಿಗೆ ಇದ್ದಿದ್ದು ಅದೊಂದೇ."

ಅಯ್ಯನವರು ಅದಕ್ಕೂ ಒಂದು ಉತ್ತರ ಕೊಟ್ಟಿದ್ದರೆ ಅವರನ್ನು ನಾನೇ ಆ ಮಳೆಯಲ್ಲಿ ಹೊರಗೆ ಕಳಿಸುತ್ತಿದ್ದೆ.